ಬಯ್ದು ಕರೆದಿದ್ದರೆ

ನಮ್ಮ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡುತ್ತಿರಲಿಲ್ಲ. ಅಟ್ಟದ ಮೇಲಿದ್ದವರನ್ನು ಕೆಳಗಿನಿಂದ, ತೋಟದ ಆ ತುದಿಯಲ್ಲಿದ್ದವರನ್ನು ಈ ತುದಿಯಿಂದ ಕೂಗಿ ಕೂಗಿ ಬೆಳೆದವರು ನಾವು. ಅಪ್ಪ ಊಟಕ್ಕೆ ಕರೆಯುವುದೂ ಬಯ್ಗುಳದಲ್ಲೇ. "ಲೇ, ಬಂದು ತಿನ್ಲಾ, ಇಲ್ದಿದ್ರೆ ನಾಯಿಗೆ ಹಾಕ್ತೀನಿ" ಅಂದರೆ ಅಣ್ಣ ಹಸಿದಿದ್ದಾನೆಂದು ಅಪ್ಪನಿಗೆ ಸಂಕಟವಾಗಿದೆ ಎಂದರ್ಥ. ಅಣ್ಣನಿಗೂ ಅದು ಹಾಗೇ ಕೇಳಿಸುತ್ತಿತ್ತು. "ಹಾಕು, ನಾಯೀನೂ ಮುಟ್ಟಲ್ಲ ನಿಮ್ಮನೆ ಸಾರು" ಎನ್ನುತ್ತಲೇ ಬಂದು ತಟ್ಟೆ ಎಳೆದುಕೊಳ್ಳುತ್ತಿದ್ದ.

ಮೆತ್ತಗಿನ ದನಿಗೆ ನಮ್ಮ ಸೀಮೆಯಲ್ಲಿ ಎರಡೇ ಜಾಗ. ಒಂದು, ವ್ಯಾಪಾರದಲ್ಲಿ ಟೋಪಿ ಹಾಕುವಾಗ. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಬಂದ ದಿನ ಅಪ್ಪ ಹೇಳುತ್ತಿದ್ದರು, "ಆ ವಯ್ಯ ಇವತ್ತು ಬೋ ನಯವಾಗಿ ಮಾತಾಡಿದ ಕಣೇ. ಎಲ್ಲೋ ಕೈ ಕೊಟ್ಟವ್ನೆ." ಇನ್ನೊಂದು, ಸಾವಿನ ಸುದ್ದಿ ಹೇಳುವಾಗ.

ಸಾವಿನ ಸುದ್ದಿಯನ್ನು ನಮ್ಮಲ್ಲಿ ನೇರವಾಗಿ ಹೇಳುತ್ತಿರಲಿಲ್ಲ. ಸುದ್ದಿ ತಂದವನು ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಕೂರು ಅಂದರೆ ಕೂರುತ್ತಿರಲಿಲ್ಲ, ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. "ಸ್ವಲ್ಪ ಸೀರಿಯಸ್ಸಾಗವ್ರೆ. ಆಸ್ಪತ್ರೆಗೆ ಸೇರ್ಸವ್ರೆ. ಬಂದು ಮುಖ ನೋಡ್ಕಂಡು ಹೋದ್ರೆ ಒಳ್ಳೇದು" ಎಂದು ನೆಲ ನೋಡಿಕೊಂಡು ಹೇಳುತ್ತಿದ್ದ. ಕೇಳಿದವರು ಯಾವ ಆಸ್ಪತ್ರೆ ಅಂತ ಕೇಳುತ್ತಿರಲಿಲ್ಲ. ಸೀದಾ ಸತ್ತವರ ಊರಿಗೆ ಹೋಗುತ್ತಿದ್ದರು, ದಾರಿಯಲ್ಲಿ ಹಾರ ತೆಗೆದುಕೊಳ್ಳುತ್ತಿದ್ದರು. ಇದು ಯಾರಿಗೂ ಸುಳ್ಳು ಅನ್ನಿಸುತ್ತಿರಲಿಲ್ಲ. ಬಸ್ಸಿನಲ್ಲಿ ಎದೆ ಒಡೆದುಕೊಂಡು ಬೀಳದೆ ಊರು ಮುಟ್ಟಲಿ ಎಂಬ ಕರುಣೆ ಅದು.

ಹಾಗಾದರೆ ನಿಜವಾಗಿ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದರೆ? ಆಗ ಸುದ್ದಿ ತಂದವನು ಬೀದಿಯಿಂದಲೇ ಕಿರುಚುತ್ತಿದ್ದ. "ಅಲ್ಲಿ ನಿಮ್ಮಪ್ಪ ಸಾಯ್ತಾ ಬಿದ್ದವ್ನೆ, ಇಲ್ಲಿ ಎಲೆ ಹಾಕ್ಕಂಡು ಕುಂತಿದೀಯಲ್ಲೋ, ಹೊಲ್ಡ್ಲಾ!" ಬಯ್ದು ಕರೆದರೆ ಜೀವ ಇದೆ. ಮೆತ್ತಗೆ ಕರೆದರೆ ಇಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮರೆತುಹೋಗುವಷ್ಟು ಓದಿದ್ದೆ, ಅಷ್ಟೆ.

ನಮ್ಮೂರು ನೊಣವಿನಕೆರೆ ಕಡೆಯದು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಹೈಸ್ಕೂಲು ದಾಟಿದವರಿರಲಿಲ್ಲ. ನಾನು ತಿಪಟೂರಿನಲ್ಲಿ ಬಿ.ಎ. ಮುಗಿಸಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ನಾಚಿಕೆಯೇನಿಲ್ಲ. ಬಸ್ಸು ತಪ್ಪಿದ ದಿನ ಎಳನೀರಿನ ಗಾಡಿ ಹತ್ತಿ ಕಾಲೇಜಿಗೆ ಹೋಗಿದ್ದೇನೆ. ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ, ಅದರ ಕೆಳಗೆ ನನ್ನ ಚಾಪೆ. ಮೇಲೆ ಇಲಿ ಓಡಾಡಿ ಕಾಯಿ ಉರುಳುವ ಸದ್ದಿನಲ್ಲೇ ಇಂಗ್ಲಿಷ್ ಪಾಠ ಬಾಯಿಪಾಠ ಮಾಡಿದ್ದೇನೆ. ಪದವಿಯಾದ ಮೇಲೆ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳು.

ಅಲ್ಲಿ ನನಗೆ ಕೆಲಸ ಕಲಿಸಿದವರು ಒಬ್ಬ ಸೂಪರ್‌ವೈಸರ್, ನಿವೃತ್ತಿಗೆ ಹತ್ತಿರವಿದ್ದ ಹೆಂಗಸು. ಮೊದಲ ದಿನ ನಾನು ಹೆಡ್‌ಫೋನ್ ಹಾಕಿಕೊಂಡು "ಹಲೋ" ಅಂದದ್ದೇ ತಡ, ಅವರು ಕಿವಿ ಮುಚ್ಚಿಕೊಂಡರು.

"ಏನಮ್ಮಾ, ತೋಟದಲ್ಲಿ ಮಂಗ ಓಡಿಸ್ತಿದೀಯಾ?"

ಎಲ್ಲರೂ ನಕ್ಕರು. ಆ ನಗು ನನ್ನ ಬೆನ್ನಿನಲ್ಲಿ ಬಹಳ ದಿನ ಉಳಿಯಿತು. ಅವರು ಹೇಳಿಕೊಟ್ಟದ್ದು ಇಷ್ಟು. ದನಿಯಲ್ಲಿ ಕೋಪ ಬೇಡ, ನಗು ಬೇಡ, ಅವಸರ ಬೇಡ. "ನಿನ್ನ ಮನೆಗೆ ಬೆಂಕಿ ಬಿದ್ದಿದ್ರೂ ಲೈನಿನಲ್ಲಿ ಇರೋರಿಗೆ ಗೊತ್ತಾಗಬಾರದು." ಪ್ರತಿ ಮಾತಿಗೂ 'ದಯವಿಟ್ಟು' ಸೇರಿಸಬೇಕು. ಆ ಕಡೆಯವನು ಕೂಗಾಡಿದಷ್ಟೂ ನಾವು ಇಳಿಯಬೇಕು, ಆಗ ಅವನೂ ಇಳಿಯುತ್ತಾನೆ.

ಅದು ನಿಜವಾಗಿತ್ತು. ಮಂಡಿ ವ್ಯಾಪಾರಿಗಳು ಅಂಗಳದಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಬಾಯಿಬಿಡದೆ ದರ ಕುದುರಿಸುವ ಜನ. ಫೋನಿನಲ್ಲಿ ಹಿಡಿಯಲು ಬೆರಳಿಲ್ಲವಲ್ಲ, ಅದಕ್ಕೇ ಕೂಗಾಡುತ್ತಿದ್ದರು. ದಿಲ್ಲಿ ಲೈನು ಸಿಗದೆ ನನ್ನ ಮೇಲೆ ಹಾರಾಡುತ್ತಿದ್ದವರು, "ದಯವಿಟ್ಟು ಕಾಯಿರಿ, ಪ್ರಯತ್ನಿಸುತ್ತಿದ್ದೇನೆ" ಎಂದು ನಾನು ತಗ್ಗಿದ ದನಿಯಲ್ಲಿ ಹೇಳಿದರೆ ತಣ್ಣಗಾಗುತ್ತಿದ್ದರು. ಕೆಲವರು ಯಾವ ಊರಿನವಳಮ್ಮ ನೀನು, ಬೆಂಗಳೂರಾ ಎಂದು ಕೇಳುತ್ತಿದ್ದರು. ಆ ದನಿ ಪದವಿಯ ಹಾಗೆಯೇ ನಾನು ಕಷ್ಟಪಟ್ಟು ಗಳಿಸಿದ್ದು.

ಮನೆಯಲ್ಲಿ ಮಾತ್ರ ಅದಕ್ಕೆ ಬೆಲೆಯಿರಲಿಲ್ಲ. ಒಂದು ಭಾನುವಾರ ನಾನು "ಅಮ್ಮ, ಸ್ವಲ್ಪ ನೀರು ಕೊಡ್ತೀರಾ" ಅಂದೆ. ಅಮ್ಮ ಒಲೆ ಮುಂದಿನಿಂದ ಎದ್ದೇ ಬಂದರು.

"ಯಾಕೆ, ಯಾರು ಹೋದ್ರು?"

"ಯಾರೂ ಇಲ್ಲ. ನೀರು ಕೇಳಿದೆ."

"ಥೂ ನಿನ್ನ. ನೀರು ಕೇಳೋಳು ಕೇಳೋ ತರ ಕೇಳೇ. ಎದೆ ಧಸಕ್ಕಂತು."

ಅಣ್ಣ ಮನೆ ಬಿಟ್ಟು ಆಗ ಒಂದೆರಡು ವರ್ಷವಾಗಿತ್ತು. ಅವನು ಓದು ಬಿಟ್ಟು ಕಾಯಿ ಸುಲಿಯಲು ನಿಂತದ್ದರಿಂದಲೇ ನಾನು ಓದಿದ್ದು, ಇದನ್ನು ನಾನು ಮರೆತಿಲ್ಲ. ಅಪ್ಪನ ಬಯ್ಗುಳ ಅವನಿಗೆ ಅನ್ನದಷ್ಟು ಸಹಜ. ಆದರೆ ಒಂದು ದಿನ ಮಂಡಿಯಲ್ಲಿ, ನಾಲ್ಕು ಜನ ವ್ಯಾಪಾರಿಗಳ ಮುಂದೆ ಅಪ್ಪ ಬಯ್ಯಲಿಲ್ಲ. ಅವನು ವಿಂಗಡಿಸಿದ ಕೊಬ್ಬರಿಯಲ್ಲಿ ಕೆಟ್ಟದ್ದು ಸೇರಿತ್ತಂತೆ. ಅಪ್ಪ ಅವನ ಕಡೆ ನೋಡದೆ, ವ್ಯಾಪಾರಿಗೆ ಹೇಳುವಂತೆ, ತಣ್ಣಗೆ ಹೇಳಿದರು: "ಇವರಿಗೆ ಇದೆಲ್ಲ ಗೊತ್ತಾಗಲ್ಲ ಬುಡಿ. ಓದಿದ್ದು ತಂಗಿ ಒಬ್ಬಳೇ." ಅಣ್ಣನನ್ನು ಅಪ್ಪ 'ಇವರು' ಅಂದದ್ದು ಅದೇ ಮೊದಲು. ಲೇ ಅನ್ನಿಸಿಕೊಂಡು ಬೆಳೆದ ಮಗನಿಗೆ ಆ ಮರ್ಯಾದೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಆ ವಾರವೇ ಅವನು ದಾವಣಗೆರೆಗೆ ಹೋಗಿ ಮರದ ಡಿಪೋ ಒಂದರಲ್ಲಿ ಕೆಲಸಕ್ಕೆ ಸೇರಿದ. ಹಬ್ಬಕ್ಕೂ ಬರಲಿಲ್ಲ. ಅಪ್ಪ ಅವನ ಮಾತೆತ್ತಲಿಲ್ಲ. ಅಟ್ಟದ ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಕೇಳುತ್ತಾ ಒಬ್ಬರೇ ಕೂರುತ್ತಿದ್ದರು.

ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಅಣ್ಣನಿಗೆ ಯಾರೂ ತಿಳಿಸಿರಲಿಲ್ಲ. ಅಮ್ಮ ಹಗಲೂ ರಾತ್ರಿ ಅಲ್ಲೇ. ನಾನು ಡ್ಯೂಟಿಗೆ ಹೋಗುವ ಮುಂಚೆ, ಬಂದ ಮೇಲೆ. ಅಲ್ಲಿ ಒಬ್ಬ ನರ್ಸಮ್ಮ ಇದ್ದರು. ಅವರ ಬಾಯಿ ನಮ್ಮೂರವರ ಬಾಯಿಯಂಥದ್ದೇ.

"ಏಯ್ ಯಜಮಾನ, ಗಂಜಿ ಯಾರಿಗೆ ಮಡಗಿದೀಯಾ? ನಿನ್ನ ಹೆಂಡ್ತಿ ಕುಡೀತಾಳಾ? ಏಳು, ಏಳು."

"ನಿಮ್ಮ ಗಂಜೀಲಿ ಉಪ್ಪಿಲ್ಲ ಕಣಮ್ಮ."

"ನಿನ್ ಬಾಯಲ್ಲಿ ಬೇಕಾದಷ್ಟು ಖಾರ ಇದೆ, ಅದ್ನೇ ಕಲಸ್ಕಂಡು ಕುಡಿ."

ಅಪ್ಪ ನಗುತ್ತಿದ್ದರು, ಕುಡಿಯುತ್ತಿದ್ದರು. ಡಾಕ್ಟರು ಬಂದು ಏನೋ ಹೇಳಿ ಹೋದರೆ ಅಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನರ್ಸಮ್ಮ ಬಯ್ಯುತ್ತಿದ್ದಾರೆ ತಾನೆ, ಹಾಗಿದ್ದರೆ ಸರಿ.

ಒಂದು ಬೆಳಿಗ್ಗೆ ನಾನು ಹೋದಾಗ ಗಂಜಿ ಹಾಗೇ ಇತ್ತು. ನರ್ಸಮ್ಮ ಬಂದರು, ಲೋಟ ನೋಡಿದರು. ಅಪ್ಪನ ಹಣೆ ಮುಟ್ಟಿ, "ಬೇಡ್ವಾ? ಇರ್ಲಿ ಬಿಡಿ. ಆಮೇಲೆ ಕುಡಿಯೋರಂತೆ" ಅಂದು ಹೊದಿಕೆ ಸರಿಮಾಡಿ ಹೋದರು.

ಅಪ್ಪ ಅವರು ಹೋದ ಬಾಗಿಲನ್ನೇ ನೋಡುತ್ತಾ ಮಲಗಿದ್ದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ನರ್ಸಮ್ಮ ಬಯ್ಯೋದು ನಿಲ್ಲಿಸವ್ಳೆ. ಮುಗೀತು ಕಣೇ. ಅವನ್ನ ಕರೆಸು."

"ಏನೂ ಆಗಲ್ಲಪ್ಪ."

"ನೀನು ಸುಮ್ಕಿರು. ಅವನ್ನ ಕರೆಸು. ಅವನಿಗೆ ಒಂದು ಸಲ ಲೇ ಅನ್ಬೇಕು ನಾನು. 'ಬಾರ್ಲಾ ಬೇವಾರ್ಸಿ, ತೋಟ ಯಾರು ನೋಡ್ಕಳ್ತಾರ್ಲಾ, ನಿಮ್ಮಪ್ಪನಾ?' ಅನ್ಬೇಕು." ಇದನ್ನು ಹೇಳುವಾಗ ಆ ದನಿ ಹೇಗೋ ಮೇಲೆದ್ದಿತು, ಹಳೆಯ ಅಪ್ಪನ ದನಿಯೇ. ಪಕ್ಕದ ಮಂಚದವರು ತಿರುಗಿ ನೋಡಿದರು. "ಅಷ್ಟು ಅಂದುಬುಟ್ರೆ ಸಾಕು."

ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ಎಕ್ಸ್‌ಚೇಂಜಿಗೆ ಓಡಿದೆ.

ಸೂಪರ್‌ವೈಸರ್‌ಗೆ ವಿಷಯ ಹೇಳಿದೆ. ಸ್ವಂತದ ಕಾಲ್ ಮಾಡುವ ಹಾಗಿರಲಿಲ್ಲ, ಆದರೂ ಅವರೇ ಎದ್ದು ನನ್ನ ಕುರ್ಚಿ ಎಳೆದು ಕೂರಿಸಿದರು. ಅರಸೀಕೆರೆಯಿಂದ ಲೈನು ಹಿಡಿದು, ಅಲ್ಲಿಂದ ದಾವಣಗೆರೆ, ಅಲ್ಲಿನ ಆಪರೇಟರಿಗೆ ಡಿಪೋ ನಂಬರು ಹೇಳಿದೆ. ಡಿಪೋದವರು ಅಣ್ಣನನ್ನು ಕರೆಯಲು ಹೋದರು. ಆ ಕಡೆ ಗರಗಸದ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

"ಯಾರು?" ಅಣ್ಣ ಕೂಗಿದ.

"ಅಣ್ಣಾ, ನಾನು. ತಿಪಟೂರಿನಿಂದ. ಅಪ್ಪನಿಗೆ ಸೀರಿಯಸ್ಸಾಗಿದೆ. ಆಸ್ಪತ್ರೆಯಲ್ಲಿದ್ದಾರೆ. ನಿನ್ನ ನೋಡಬೇಕಂತೆ. ದಯವಿಟ್ಟು ಬೇಗ ಬಾ."

ಲೈನು ಹೋಯಿತೇನೋ ಎಂದುಕೊಂಡೆ.

"ಅಣ್ಣಾ, ಕೇಳಿಸ್ತಿದೆಯಾ? ತಿಪಟೂರು ಆಸ್ಪತ್ರೆಗೇ ಬಾ. ದಯವಿಟ್ಟು."

"ಹೂಂ" ಅಂದ. ಅವನ ದನಿಯೂ ಇಳಿದಿತ್ತು. "ಬತ್ತೀನಿ ಬುಡು. ಅಮ್ಮನ್ನ ನೋಡ್ಕೋ."

ಅಮ್ಮನನ್ನು ನೋಡಿಕೋ ಎಂದು ಯಾಕೆ ಅಂದ ಎಂದು ನನಗೆ ಹೊಳೆಯಲಿಲ್ಲ. ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿ, "ಚೆನ್ನಾಗಿ ಮಾತಾಡಿದೆ. ಬೇರೆಯವರಾಗಿದ್ರೆ ಅತ್ತುಬಿಡ್ತಿದ್ರು" ಅಂದರು. ನಾನು ಅಳು ತಡೆದುಕೊಂಡದ್ದು ನಿಜ. ಆ ಕುರ್ಚಿಯಲ್ಲಿ ಕೂತರೆ ನನಗೆ ಬೇರೆ ದನಿ ಬರುತ್ತಿರಲಿಲ್ಲ.

ರಜೆ ಹಾಕಿ ಆಸ್ಪತ್ರೆಗೆ ಬಂದೆ. ಅಣ್ಣ ಬರುತ್ತಿದ್ದಾನೆ ಅಂದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ತುಟಿ ಆಡಿಸಿದರು, ಬಯ್ಗುಳವನ್ನು ಸಜ್ಜು ಮಾಡಿಕೊಳ್ಳುತ್ತಿದ್ದಾರೇನೋ ಅನ್ನಿಸಿತು. ಅಲ್ಲಿಗೆ ರೈಲಿನ ಸಿಳ್ಳೆ ಕೇಳುತ್ತಿತ್ತು. ಮಧ್ಯಾಹ್ನ ಮೀರಿದ ಮೇಲೆ ದಾವಣಗೆರೆ ಕಡೆಯಿಂದ ಗಾಡಿ ಬಂದಿತು. ಅಪ್ಪ ಕಣ್ಣು ಬಿಟ್ಟರು.

"ಇದ್ರಲ್ಲಿ ಬಂದವ್ನೆ ನೋಡು."

ನಾನು ಸ್ಟೇಷನ್ನಿಗೆ ಹೋಗುತ್ತೇನೆಂದು ಎದ್ದರೆ ಕೈ ಬಿಡಲಿಲ್ಲ. ಅವನು ಹುಟ್ಟಿ ಬೆಳೆದ ಸೀಮೆ, ದಾರಿ ಗೊತ್ತಿಲ್ಲವೇ ಎಂದು ಸುಮ್ಮನೆ ಕೂತೆ. ಅಮ್ಮ ಗೇಟಿನ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ನಿಂತು ವಾಪಸು ಬಂದರು. ಅಪ್ಪ ಇನ್ನೊಂದು ಗಾಡಿಯ ಸದ್ದಿಗೆ ಮತ್ತೆ ಕಣ್ಣು ಬಿಟ್ಟರು, ಅದು ಬೆಂಗಳೂರು ಕಡೆಯಿಂದ ಬಂದದ್ದು. ನಾನು ಅದನ್ನು ಹೇಳಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅವರ ಕೈ ತಾನಾಗಿ ಸಡಿಲವಾಯಿತು. ನರ್ಸಮ್ಮ ಬಂದು ನೋಡಿ, ನನ್ನ ಕೈಯನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿದರು.

ಒಂದು ವ್ಯಾನು ಮಾಡಿಕೊಂಡು ಊರಿಗೆ ಹೊರಟೆವು. ಊರಿನಲ್ಲಿ ಫೋನಿರಲಿಲ್ಲ, ಯಾರಿಗೂ ಸುದ್ದಿ ಹೋಗಿರಲಿಲ್ಲ. ಚಿಕ್ಕಪ್ಪನಿಗೆ ಹೇಗೆ ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಜೋಡಿಸಬೇಕಾಗಿರಲಿಲ್ಲ. ಮನೆ ಮುಂದೆ ಗ್ಯಾಸ್ ಲೈಟು ಉರಿಯುತ್ತಿತ್ತು. ಬೀದಿ ತುಂಬ ಜನ. ಜಗಲಿಯ ಮೇಲೆ ಅಣ್ಣ ಕೂತಿದ್ದ. ಪಕ್ಕದಲ್ಲಿ ಸೇವಂತಿಗೆ ಹಾರ, ವಿಭೂತಿ ಗಟ್ಟಿ, ಬಿಲ್ವಪತ್ರೆ. ಚಿಕ್ಕಪ್ಪನ ಪಂಚೆಗೆಲ್ಲ ತೋಟದ ಕೆಂಪು ಮಣ್ಣು. ನಮ್ಮಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡುವುದು. ಅಜ್ಜನ ಸಮಾಧಿಯ ಪಕ್ಕ ಗುಂಡಿ ಆಗಲೇ ಸಿದ್ಧವಾಗಿತ್ತು.

ಅಣ್ಣ ಎದ್ದು ಬಂದ. ಅತ್ತು ಅತ್ತು ಮುಖ ಊದಿತ್ತು.

"ಯಾಕೆ ಇಷ್ಟು ತಡ ಮಾಡಿದ್ರಿ?" ಅಂದ. "ನಾವು ಮಧ್ಯಾಹ್ನದಿಂದ ಕಾಯ್ತಾ ಇದೀವಿ."

ನನಗೆ ಅರ್ಥವಾಗಲಿಲ್ಲ. "ಈಗ ತಾನೆ ಹೋದರು" ಅಂದೆ. "ಸಂಜೆ. ನೀನು ಆಸ್ಪತ್ರೆಗೆ ಯಾಕೆ ಬರಲಿಲ್ಲ?"

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ವ್ಯಾನಿನ ಒಳಗೆ ನೋಡಿದ. ಆಮೇಲೆ ಮತ್ತೆ ನನ್ನನ್ನು.

"ಮಧ್ಯಾಹ್ನ ಇದ್ರಾ?"

"ನಿನ್ನನ್ನೇ ಕೇಳ್ತಿದ್ರು. ಗಾಡಿ ಸದ್ದಾದಾಗಲೆಲ್ಲ."

ಅವನು ಅದೇ ಗಾಡಿಯಲ್ಲಿ ಬಂದಿದ್ದ. ತಿಪಟೂರಿನಲ್ಲೇ ಇಳಿದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಹಾರ ತೆಗೆದುಕೊಂಡಿದ್ದ, ಆಸ್ಪತ್ರೆ ಅಲ್ಲಿಂದ ಕೂಗಳತೆ. ಆ ಕಡೆ ಹೋಗದೆ ನೊಣವಿನಕೆರೆ ಬಸ್ಸು ಹತ್ತಿ ಊರಿಗೆ ಬಂದ. ಮನೆಗೆ ಬೀಗ ನೋಡಿ, ಹೆಣ ಇನ್ನೂ ಬಂದಿಲ್ಲ ಅಂದುಕೊಂಡ. ಹಾರ ಹಿಡಿದು ಅಳುತ್ತಾ ನಿಂತ ಮಗನನ್ನು ನೋಡಿ ಚಿಕ್ಕಪ್ಪ ಬೇರೆ ಏನು ತಿಳಿದಾರು? "ಯಾರು ಹೇಳಿದ್ರಪ್ಪ?" ಅಂದರಂತೆ. "ತಂಗಿ ಪೋನ್ ಮಾಡಿದ್ಲು" ಅಂದನಂತೆ. ಫೋನಿನ ಆಫೀಸಿನವಳೇ ಫೋನು ಮಾಡಿದ ಮೇಲೆ ಇನ್ನು ಅನುಮಾನವೆಲ್ಲಿ, ಹಾರೆ ತರಿಸಿದರು. ಬದುಕಿದ್ದ ಮನುಷ್ಯನಿಗೆ ಅವನ ಸ್ವಂತ ಮಗ, ಸ್ವಂತ ತಮ್ಮ ನಿಂತು ಗುಂಡಿ ತೋಡಿಸಿದರು.

ಅಣ್ಣ ಜಗಲಿಯ ಕಂಬ ಹಿಡಿದುಕೊಂಡು ಕೆಳಗೆ ಕೂತ.

"ನೀನು 'ದಯವಿಟ್ಟು' ಅಂದೆ ಕಣೇ" ಅಂದ. "ನಮ್ಮನೇಲಿ ಯಾರು ಹಂಗಂತಾರೆ? ಅಷ್ಟು ಮೆತ್ತಗೆ ಅಂದೆ. ಬಯ್ದಿದ್ರೆ ಬತ್ತಿದ್ದೆ. ಒಂದು ಮಾತು, ಎಲ್ಲಿ ಸತ್ತಿದ್ಯೋ ಬಾರೋ ಅಂದಿದ್ರೆ ಸೀದಾ ಆಸ್ಪತ್ರೆಗೆ ಬತ್ತಿದ್ದೆ."

ಮರುದಿನ ಬೆಳಿಗ್ಗೆ ಮಣ್ಣು ಮಾಡಿದೆವು.

ಆಮೇಲೆ ಬಂದ ನೆಂಟರಲ್ಲಿ ಕೆಲವರು ತಪ್ಪು ನನ್ನದೆಂದರು. ಓದಿದ ಹುಡುಗಿ, ನೆಟ್ಟಗೆ ಒಂದು ಸುದ್ದಿ ಹೇಳೋಕೆ ಬರಲಿಲ್ಲ ಅಂದರು. ನಾನು ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ನಾನು ಹೇಳಿದ ಒಂದೊಂದು ಮಾತೂ ಸತ್ಯವಾಗಿತ್ತು. ಸೀರಿಯಸ್ಸು ಸತ್ಯ, ಆಸ್ಪತ್ರೆ ಸತ್ಯ, ಬೇಗ ಬಾ ಎಂದದ್ದೂ ಸತ್ಯ. ಅದೇ ಮಾತುಗಳನ್ನು ತಲೆತಲಾಂತರದಿಂದ ಹೆಣದ ಮೇಲೆ ಹೊದಿಸಿ ಹೊದಿಸಿ, ಬದುಕಿದವನ ಮೇಲೆ ಹೊದಿಸಿದರೂ ಹೆಣದಂತೆಯೇ ಕಾಣುವ ಹಾಗೆ ಮಾಡಿದವಳು ನಾನಲ್ಲ. ಆದರೆ ಯಾರ ತಪ್ಪು ಎಂದು ತೀರ್ಮಾನವಾದರೆ ಸತ್ತವರ ಬಾಯಿಗೆ ಮಾತು ವಾಪಸು ಬರುವುದಿಲ್ಲ. ಅಪ್ಪ ಆಡಬೇಕೆಂದಿದ್ದ ಮಾತು ನನ್ನ ಹತ್ತಿರವೇ ಉಳಿದಿತ್ತು. ಅದನ್ನು ಅವನಿಗೆ ಮುಟ್ಟಿಸುವ ಕೆಲಸ ಬಾಕಿಯಿತ್ತು.

ಕಾರ್ಯ ಮುಗಿದ ಮರುದಿನ ಅಣ್ಣ ಹೊರಟು ನಿಂತ. ಅಮ್ಮ ಒಳಮನೆಯಲ್ಲಿದ್ದರು. ನಾನು ಜಗಲಿಗೆ ಬಂದು ಹೇಳಿದೆ. ಅಪ್ಪನಿಗೆ ನಿನ್ನ ಮೇಲೆ ಕೋಪವಿರಲಿಲ್ಲ, ನೀನು ತೋಟ ನೋಡಿಕೊಳ್ಳಬೇಕೆಂದು ಅವರಿಗೆ ಆಸೆಯಿತ್ತು, ಕೊನೆಯ ಗಳಿಗೆಯಲ್ಲಿ ಅದನ್ನೇ ಹೇಳಿದರು ಎಂದೆ. ಅವನು ಚೀಲದ ಬಾಯಿ ಕಟ್ಟುತ್ತಾ ಕೇಳಿಸಿಕೊಂಡ.

"ಇದು ನಿನ್ನ ಆಪೀಸಿನ ಮಾತು" ಅಂದ. "ಅಪ್ಪ 'ಆಸೆ ಐತೆ' ಅಂತ ಯಾವತ್ತಾದ್ರೂ ಅಂದಿದ್ರಾ?"

"ಹಾಗೆ ಅನ್ನಲಿಲ್ಲ. ಬಯ್ದರು."

ಅವನ ಕೈ ನಿಂತಿತು. "ಹೆಂಗ್ ಬಯ್ದ್ರು? ಅವ್ರು ಅಂದಂಗೇ ಅನ್ನು."

ನನಗೆ ಒಂದೊಂದು ಅಕ್ಷರವೂ ನೆನಪಿತ್ತು. ಆಸ್ಪತ್ರೆಯ ಆ ಬೆಳಿಗ್ಗೆ ಅಪ್ಪನ ದನಿ ಎದ್ದ ರೀತಿ, ಪಕ್ಕದ ಮಂಚದವರು ತಿರುಗಿ ನೋಡಿದ ರೀತಿ, ಎಲ್ಲ. ಬಾಯಿ ತೆರೆದೆ. "ಬಾರ್ಲಾ" ಎಂದೆ. ಅದು "ದಯವಿಟ್ಟು ಕಾಯಿರಿ" ಎನ್ನುವ ದನಿಯಲ್ಲೇ ಬಂದಿತು. ಇನ್ನೊಂದು ಸಲ ಉಸಿರು ಎಳೆದುಕೊಂಡು ಅಂದೆ. "ಬಾರ್ಲಾ, ಬೇವಾರ್ಸಿ..." ಪುಸ್ತಕದಿಂದ ಓದಿ ಹೇಳಿದ ಹಾಗಿತ್ತು. ನನ್ನ ಕಿವಿಗೇ ಅದು ಅಪರಿಚಿತ ಹೆಂಗಸೊಬ್ಬಳ ದನಿ. ಮುಂದಿನ ಮಾತು ಹೇಳಲೇ ಇಲ್ಲ.

ಅವನು ಕಾದ. ಇನ್ನೂ ಬರಬಹುದೇನೋ ಎಂಬಂತೆ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ಬೀದಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು.

"ಇರ್ಲಿ ಬುಡಮ್ಮ" ಅಂದ, ಮೆತ್ತಗೆ. ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದ.